ರೆಹೋಬೋತ್ ಎಂಬ ನಮ್ಮ ಬಾವಿ

ಕಬ್ಬೂರಿನ ನಂಟರ ಮನೆಯಲ್ಲಿ ಬಸುರಿ ಸೊಸೆಯ ಕುಬಸವಿತ್ತು. ಅದಕ್ಕೆಂದು ಹೋದ ತಿಂಗಳು ನಿಪ್ಪಾಣಿಯಿಂದ ಹೊರಟಿದ್ದೆವು. ಕಾರು ನಡೆಸುವುದು ನಮ್ಮ ಯಜಮಾನರ ಕೆಲಸ. ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುವುದು ನನ್ನ ಕೆಲಸ. ಊರು ದಾಟಿ, ತಂಬಾಕಿನ ಘಾಟು ಮೂಗಿನಿಂದ ಇಳಿದು, ಇನ್ನೇನು ಕಿಟಕಿಯ ಗಾಜು ಇಳಿಸೋಣ ಅನ್ನುವಷ್ಟರಲ್ಲಿ ಮುಂದೊಂದು ಬೋರ್ ಕೊರೆಯುವ ಲಾರಿ ಸಿಕ್ಕಿತು. ಮೈತುಂಬ ಕಬ್ಬಿಣದ ಕೊಳವೆ ಹೊತ್ತು, ರಸ್ತೆಯೆಲ್ಲ ತನ್ನದೇ ಎಂಬಂತೆ ನಡುವೆ ಹೊರಟಿತ್ತು. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಹಾಗಾಗಿ ದಾಟಲು ದಾರಿಯಿಲ್ಲ. ಅದರ ಬೆನ್ನನ್ನೇ ನೋಡುತ್ತ ಹೋಗಬೇಕಾಯಿತು. ಬೆನ್ನ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಒಂದೇ ಪದ ಬರೆದಿತ್ತು: ರೆಹೋಬೋತ್.

‘ಇದೇನ ಹೆಸರಪಾ? ತಮಿಳನಾಡಿನ ಊರಿರಬೇಕು,’ ಅಂದರು ಯಜಮಾನರು.

‘ಊರಲ್ರಿ, ಬಾವಿ ಹೆಸರು. ನಮ್ಮ ತವರಮನಿ ಬಾವೀದು,’ ಅಂದೆ.

ಅವರು ಹಾರ್ನು ಹೊಡೆದರು. ನನ್ನ ತವರಿನ ಮಾತು ಶುರುವಾದರೆ ಚಿಕ್ಕೋಡಿ ಬಂದರೂ ಮುಗಿಯುವುದಿಲ್ಲವೆಂದು ಅವರಿಗೆ ಗೊತ್ತು. ಮದುವೆಯಾದ ಹೊಸದರಲ್ಲಿ ಕೇಳುತ್ತಿದ್ದರು, ಈಗ ಹಾರ್ನು ಹೊಡೆಯುತ್ತಾರೆ. ನಾನೂ ಸುಮ್ಮನಾದೆ. ಆದರೆ ಮನಸ್ಸು ಸುಮ್ಮನಾಗಲಿಲ್ಲ, ಅದಕ್ಕೇ ನಿಮ್ಮನ್ನು ಹಿಡಿದುಕೊಂಡಿದ್ದೇನೆ. ನಿಮ್ಮ ಹತ್ತಿರ ಹಾರ್ನು ಇಲ್ಲ.

ನಮ್ಮೂರು ಕಾಗವಾಡದ ಕಡೆಯದು. ಎರೆಮಣ್ಣಿನ ಹೊಲ, ಜೈನರ ಮನೆತನ, ಹೊತ್ತು ಮುಳುಗುವ ಮೊದಲೇ ಊಟ. ನಮ್ಮ ಕಡೆ ಬಾವಿಗೊಂದು ಹೆಸರಿಲ್ಲದಿದ್ದರೆ ಅದನ್ನು ಯಾರೂ ಬಾವಿ ಅನ್ನುವುದಿಲ್ಲ, ತೆಗ್ಗು ಅನ್ನುತ್ತಾರೆ. ಹುಣಸಿ ಬಾವಿ, ಗೌಡರ ಬಾವಿ, ಯಾವಳೋ ಮದುಮಗಳ ಮೂಗಿನ ನತ್ತು ಬಿದ್ದ ನತ್ತಿನ ಬಾವಿ. ಆ ನತ್ತಿಗಾಗಿ ನಾವು ಹುಡುಗಿಯರು ದಂಡೆಯ ಮೇಲೆ ಬೋರಲು ಮಲಗಿ ನೀರು ದಿಟ್ಟಿಸಿದ್ದೆಷ್ಟೋ. ಮಿಂಚಿದ್ದೆಲ್ಲ ನತ್ತು ಅಂದುಕೊಂಡು, ಮೀನು ಕಂಡು ಎದ್ದು ಬರುತ್ತಿದ್ದೆವು. ನಮ್ಮ ಮನೆಯದು ಮುತ್ಯಾನ ಬಾವಿ. ನನ್ನ ಅಪ್ಪನ ಮುತ್ಯಾ, ಅಂದರೆ ಅಜ್ಜ, ತೋಡಿಸಿದ್ದು. ಒಳಗೆ ಇಳಿಯಲು ಕಲ್ಲಿನ ಮೆಟ್ಟಿಲು, ಮೇಲೆ ಅಗಲವಾದ ಕಟ್ಟೆ.

ಅಪ್ಪ ಮತ್ತು ಅವನ ತಮ್ಮ, ಅಂದರೆ ನನ್ನ ಕಾಕಾ, ಬೇರೆಯಾದಾಗ ಎಲ್ಲ ಪಾಲಾಯಿತು. ಹೊಲ, ಎತ್ತು, ಹಂಡೆ, ಕಡೆಗೆ ಹುಣಸೆ ಮರದ ಟೊಂಗೆಗಳು ಕೂಡ. ಬಾವಿಯನ್ನು ಮಾತ್ರ ಯಾರೂ ಪಾಲು ಮಾಡುವುದಿಲ್ಲ. ನಮ್ಮಲ್ಲಿ ಅದಕ್ಕೆ ಸರದಿ ಇರುತ್ತದೆ, ಪಾಳಿ ಅನ್ನುತ್ತೇವೆ. ಒಂದು ದಿನ ಅವರು ನೀರು ಹಾಯಿಸಬೇಕು, ಮರುದಿನ ನಾವು. ನಿಯಮವೇನೋ ಚಂದ. ಆದರೆ ಮೋಟಾರು ಬಂದ ಮೇಲೆ ಕರೆಂಟೂ ಬಂತು, ಕರೆಂಟು ಯಾರ ಪಾಳಿ ಅಂತ ಕೇಳಿಕೊಂಡು ಹೋಗುವುದಿಲ್ಲವಲ್ಲ. ನಮ್ಮ ಪಾಳಿಯಲ್ಲಿ ಕರೆಂಟು ಹೋದರೆ ಆ ಹೊತ್ತು ಯಾರ ಲೆಕ್ಕಕ್ಕೆ? ಅಪ್ಪ ಒಂದು ಅನ್ನುತ್ತಿದ್ದ, ಕಾಕಾ ಇನ್ನೊಂದು. ಇಬ್ಬರ ಗಂಟಲೂ ಗಟ್ಟಿ. ಅವರ ಜಗಳ ಕೇಳಿ ಊರಿನವರು ಕರೆಂಟು ಹೋದದ್ದನ್ನು ತಿಳಿಯುತ್ತಿದ್ದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಜಗಳ ಮುಗಿದ ಮೇಲೆ ಇಬ್ಬರೂ ಅದೇ ಕಟ್ಟೆಯ ಮೇಲೆ ಕೂತು ಒಂದೇ ಚಂಚಿಯಿಂದ ಎಲೆಯಡಿಕೆ ತೆಗೆದು ಹಾಕಿಕೊಳ್ಳುತ್ತಿದ್ದರು. ಬೇರೆಯಾದ ಅಣ್ಣತಮ್ಮಂದಿರು ದಿನಕ್ಕೊಮ್ಮೆ ಮುಖ ನೋಡಲು ಏನಾದರೊಂದು ನೆವ ಬೇಕಲ್ಲ. ಅವರಿಗೆ ಅದು ಜಗಳವಾಗಿತ್ತು. ಇದು ನನಗೆ ಈಗ ತಿಳಿಯುತ್ತದೆ. ಆಗ ನನಗೆ ಅವರು ಬೈಯುತ್ತಿದ್ದ ಬೈಗುಳಗಳನ್ನು ಕಲಿಯುವುದರಲ್ಲೇ ಆಸಕ್ತಿಯಿತ್ತು.

ನಮ್ಮ ಮನೆಯ ಹೊರಗಿನ ಖೋಲಿಯಲ್ಲಿ ಶಾಲೆಯ ಮಾಸ್ತರರೊಬ್ಬರು ಬಾಡಿಗೆಗಿದ್ದರು. ಗದಗಿನ ಕಡೆಯ ಕ್ರಿಶ್ಚಿಯನ್ನರು, ದಾನಿಯೇಲ ಮಾಸ್ತರ್. ಮಾಸ್ತರಿಕೆಗೆ ಬರುವ ಮೊದಲು ಪಾದ್ರಿಯಾಗಲೆಂದು ಕೆಲಕಾಲ ಓದಿದ್ದರಂತೆ. ಹಾಗಾಗಿ ಅವರ ಶಾಸ್ತ್ರದ ಹೀಬ್ರೂ ಭಾಷೆಯ ನಾಲ್ಕು ಮಾತು ಅವರಿಗೆ ಬರುತ್ತಿತ್ತು, ಆ ನಾಲ್ಕನ್ನೂ ಅವರು ದಿನಾ ಬಳಸುತ್ತಿದ್ದರು. ನಮ್ಮ ಮನೆಯ ಕಟ್ಟಳೆಯಂತೆ ಅವರೂ ಹೊತ್ತಿರುವಾಗಲೇ ನಮ್ಮ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಆಮೇಲೆ ಹಸಿವಾಗಿ ಖೋಲಿಯ ಬಾಗಿಲು ಹಾಕಿಕೊಂಡು ಹುರಿಗಡಲೆ ತಿನ್ನುತ್ತಿದ್ದರು. ಆ ಕಟಕಟ ಸದ್ದು ನಮಗೆಲ್ಲ ಕೇಳುತ್ತಿತ್ತು. ಯಾರೂ ಕೇಳಿಸಿಕೊಂಡಂತೆ ತೋರಿಸುತ್ತಿರಲಿಲ್ಲ.

ಒಂದು ದಿನ ಬಾವಿಕಟ್ಟೆಯ ಜಗಳ ಎಂದಿಗಿಂತ ಜೋರಾಗಿ, ಅಪ್ಪ ಎಲೆಯಡಿಕೆ ಹಾಕಿಕೊಳ್ಳದೇ ಮನೆಗೆ ಬಂದ. ಮಾಸ್ತರರು ಸಮಾಧಾನ ಮಾಡಲು ಹೋದರು.

‘ಪಾಟೀಲರ, ನಮ್ಮ ಶಾಸ್ತ್ರದಾಗೂ ಒಂದು ಬಾವಿ ಜಗಳಾ ಐತ್ರಿ,’ ಅಂದರು.

ಅಪ್ಪ ಕಂಬಕ್ಕೆ ಒರಗಿದ. ನಾನು ಶೇಂಗಾ ಸುಲಿಯುತ್ತ ಅಲ್ಲೇ ಕೂತಿದ್ದೆ. ಮಾಸ್ತರರು ಹೇಳಿದರು: ಇಸಾಕ ಅಂತ ಒಬ್ಬ ಕುರಿದನಗಳ ಒಡೆಯನಿದ್ದ. ಅವನ ಅಪ್ಪ ಅಬ್ರಹಾಮ ತೋಡಿಸಿದ್ದ ಬಾವಿಗಳನ್ನು, ಅಪ್ಪ ಸತ್ತ ಮೇಲೆ ಆಗದವರು ಮಣ್ಣು ತುಂಬಿ ಮುಚ್ಚಿದ್ದರು. ಮಗ ಅವನ್ನು ಮತ್ತೆ ತೆಗೆಸಿ, ಅಪ್ಪ ಇಟ್ಟ ಹೆಸರುಗಳನ್ನೇ ಮತ್ತೆ ಇಟ್ಟ. ಆಮೇಲೆ ತಾನೂ ಒಂದು ತೋಡಿಸಿದ, ಸೆಲೆ ಬಂತು. ಗೆರಾರಿನ ದನಗಾಹಿಗಳು ಬಂದು ನೀರು ನಮ್ಮದು ಅಂದರು. ಅದನ್ನು ಬಿಟ್ಟು, ಅದಕ್ಕೆ ಏಸೆಕ್ ಅಂತ ಹೆಸರಿಟ್ಟ.

‘ಏಸೆಕ್ ಅಂದ್ರ ತಂಟೆ ರೀ. ಮುಂದ ಹೋಗಿ ಇನ್ನೊಂದು ತೋಡಿಸಿದ. ಅದಕ್ಕೂ ತಕರಾರು ತಗದ್ರು. ಅದಕ್ಕ ಸಿಟ್ನಾ ಅಂದ. ಹಗೆತನ. ಸೈತಾನ ಅಂತೀವಲ್ರಿ, ಆ ಶಬ್ದನೂ ಇದರ ಬಳಗನ.’

‘ಆಮ್ಯಾಲ?’ ಅಂದ ಅಪ್ಪ.

‘ಅದನ್ನೂ ಬಿಟ್ಟ. ಇನ್ನೂ ದೂರ ಹೋಗಿ ಮೂರನೇದು ತೋಡಿಸಿದ. ಅಲ್ಲಿ ಯಾರೂ ಜಗಳಕ್ಕ ಬರಲಿಲ್ಲ. ಅದಕ್ಕ ರೆಹೋಬೋತ್ ಅಂತ ಕರದ. ಅಂದ್ರ ಅಗಲ ಆದ ಜಾಗಾ. ಇನ್ನ ಕಾಲ ಚಾಚಾಕ ಜಾಗಾ ಆತು, ಇಲ್ಲಿ ಬೆಳೀತೀವಿ ಅಂತ. ಹೀಬ್ರೂದಾಗ ಊರ ನಡುವಿನ ಬಯಲಿಗೆ, ಓಣಿಗೂ ಇದರ ಮೂಲದ ಶಬ್ದನ ಐತಿ. ಅದೂ ಒಂದ ಜಾಗಾ ಅಲ್ರಿ, ಭಾಳ ಜಾಗಾ. ಬಹುವಚನ.’

‘ಭಾಳ ಜಾಗಾ,’ ಅಪ್ಪ ಮೆಲ್ಲಗೆ ಅಂದ. ಆ ಪದವನ್ನು ಎರಡು ಸಲ ಬಾಯೊಳಗೆ ತಿರುಗಿಸಿದ. ಹೊಸ ಎತ್ತಿನ ಹಲ್ಲು ನೋಡುವಾಗ ಅವನ ಮುಖ ಹೀಗೇ ಆಗುತ್ತಿತ್ತು. ಮಾಸ್ತರರು ಮುಂದೆ ಹೇಳಲು ಬಾಯಿ ತೆರೆದರು. ಅಪ್ಪ ಕೈ ಎತ್ತಿದ. ‘ಸಾಕ್ರಿ ಮಾಸ್ತರ. ನನಗ ತಿಳೀತು.’

ನಮ್ಮ ಅಪ್ಪನಿಗೆ ಅದೊಂದು ಗುಣ. ಕಥೆಯಾಗಲಿ ಪ್ರವಚನವಾಗಲಿ, ತನಗೆ ಬೇಕಾದ್ದು ಸಿಕ್ಕಕೂಡಲೇ ಎದ್ದುಬಿಡುತ್ತಿದ್ದ. ಮರುದಿನ ಬಾವಿಕಟ್ಟೆಗೆ ಹೋಗಿ ಕಾಕಾನಿಗೆ, ‘ಮುತ್ಯಾನ ಬಾವಿ ನಿನಗ ಇರ್ಲಿ. ನಾ ಬ್ಯಾರೆ ತೋಡಸ್ತೀನಿ,’ ಅಂದ. ಕಾಕಾ ಜಗಳಕ್ಕೆಂದು ತಲೆಗೆ ರುಮಾಲು ಸುತ್ತಿಕೊಂಡು ತಯಾರಾಗಿ ಬಂದಿದ್ದ. ಅದನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಮನೆಗೆ ಹೋದನಂತೆ.

ಊರೆಲ್ಲ ಅಪ್ಪನನ್ನು ಹೊಗಳಿತು. ಅಣ್ಣ ಅಂದರೆ ಹೀಗಿರಬೇಕು ಅಂದಿತು. ಹೊಗಳಿಕೆ ಕಾಕಾನ ಕಿವಿಗೂ ಬೀಳುತ್ತಿತ್ತು. ನಮ್ಮ ಆಯಿ, ಅಂದರೆ ಈ ಇಬ್ಬರ ತಾಯಿ, ರೊಟ್ಟಿ ಬಡಿಯುತ್ತ ಒಂದೇ ಮಾತು ಅಂದಿದ್ದಳು: ‘ಬಿಟ್ಟುಕೊಟ್ಟಾಂವ ದೊಡ್ಡಾಂವ ಆದ. ಇಸಗೊಂಡಾಂವ ಏನಾದ?’ ಉಣ್ಣುತ್ತಿದ್ದ ಅಪ್ಪ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಹೊಸ ಬಾವಿಗೆ ಬೇಗ ನೀರು ಬಂತು. ಪಂಪಿನ ಮನೆ ಕಟ್ಟಿ ಸುಣ್ಣ ಹೊಡೆಸಿದರು. ಎತ್ತಿನ ಕೊಂಬಿಗೆ ಬಣ್ಣ ಹಚ್ಚುವವನನ್ನೇ ಕರೆದು ಅಪ್ಪ ಗೋಡೆಯ ಮೇಲೆ ಆಳೆತ್ತರದ ನೀಲಿ ಅಕ್ಷರದಲ್ಲಿ ರೆಹೋಬೋತ್ ಎಂದು ಬರೆಸಿದ. ಹೊಸ ಬಾವಿ ನೋಡಲು ಬಂದ ಊರಿನವರು ಗೋಡೆ ಸುತ್ತಿ ಬಂದು ತಲೆ ಕೆರೆದುಕೊಂಡರು. ಕೆಲವರು ಮೋಟಾರಿನ ಕಂಪನಿ ಹೆಸರು ಅಂದರು. ಕೆಲವರು ಮಾಸ್ತರನ ಹೆಂಡತಿಯ ತವರೂರು ಅಂದರು. ಅಪ್ಪ ಯಾರಿಗೂ ಬಿಡಿಸಿ ಹೇಳಲಿಲ್ಲ. ಜಂಬವೋ ನಾಚಿಕೆಯೋ ನನಗೆ ಗೊತ್ತಿಲ್ಲ. ಕಡೆಗೆ ಊರಿನ ಬಾಯಲ್ಲಿ ಅದು ಮಾಸ್ತರ ಬಾವಿಯಾಯಿತು. ಮಾಸ್ತರರಿಗೆ ಮರುವರ್ಷ ವರ್ಗವಾಯಿತು. ಅವರ ಹುರಿಗಡಲೆಯ ಸದ್ದಿಲ್ಲದೆ ಮನೆ ಕೆಲವು ದಿನ ಬಿಕೋ ಅಂದಿತು.

ಅಪ್ಪ ಮುತ್ಯಾನ ಬಾವಿ ಬಿಟ್ಟ. ಆಯಿಗೆ ಬಿಡಲಾಗಲಿಲ್ಲ. ಇದಕ್ಕೆ ನಮ್ಮ ಜೈನರ ಮನೆಗಳ ಪದ್ಧತಿಯೊಂದು ಕಾರಣ. ಕುಡಿಯುವ ನೀರನ್ನು ದಪ್ಪ ಬಟ್ಟೆಯ ಎರಡು ಪದರದಲ್ಲಿ ಸೋಸಬೇಕು. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಚೆಲ್ಲುವಂತಿಲ್ಲ. ಸೋಸಿದ ನೀರಿನಿಂದಲೇ ಬಟ್ಟೆಯನ್ನು ಮೆಲ್ಲಗೆ ತಂಬಿಗೆಯೊಳಗೆ ತೊಳೆದು, ಆ ನೀರನ್ನು ತಂದ ಬಾವಿಗೇ ಮರಳಿ ಬಿಡಬೇಕು. ಇದಕ್ಕೆ ಜೀವಾಣಿ ಅನ್ನುತ್ತೇವೆ. ಒಂದು ಬಾವಿಯ ಜೀವ ಇನ್ನೊಂದು ಬಾವಿಯಲ್ಲಿ ಬದುಕುವುದಿಲ್ಲವೆಂದು ಹಿರಿಯರ ನಂಬಿಕೆ. ಚಿಕ್ಕವಳಿದ್ದಾಗ ನಾನು ತಂಬಿಗೆಯೊಳಗೆ ಕಣ್ಣಿಟ್ಟು ಅವುಗಳಿಗೆ ಮನೆಯ ದಾರಿ ಗೊತ್ತಾ ಎಂದು ಆಯಿಯನ್ನು ಕೇಳುತ್ತಿದ್ದೆ. ‘ನಿನಗಿಂತ ಶಾಣ್ಯಾ ಅದಾವ,’ ಅನ್ನುತ್ತಿದ್ದಳು.

ಆಯಿ ಹೊಸ ಬಾವಿಯ ನೀರು ಕುಡಿಯಲಿಲ್ಲ. ಹಳೇ ಬಾವಿಯಿಂದಲೇ ಒಂದು ಕೊಡ ತರುವಳು, ಸೋಸುವಳು, ಮರುದಿನ ಬೆಳಿಗ್ಗೆ ಜೀವಾಣಿ ಬಿಡಲು ಹೋಗುವಳು. ಕೈಹಿಡಿದು ಕರೆದೊಯ್ಯುವವಳು ನಾನು. ಕಾಕಾ ಆ ಹೊತ್ತಿಗೆ ಸರಿಯಾಗಿ ಬಾವಿಯ ಹತ್ತಿರ ಏನಾದರೊಂದು ಕೆಲಸ ಹಚ್ಚಿಕೊಂಡಿರುತ್ತಿದ್ದ. ಬಂದು ತಾಯಿಯ ಇನ್ನೊಂದು ಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದ.

‘ಎಲ್ಲಾರೂ ಅರಾಮ?’ ಅಂತ ಕೇಳುತ್ತಿದ್ದ.

‘ಅರಾಮ ಅದಾನ,’ ಅನ್ನುತ್ತಿದ್ದಳು ಆಯಿ. ಎಲ್ಲಾರೂ ಅಂದರೆ ಯಾರು ಅಂತ ಅವಳಿಗೆ ಗೊತ್ತಿತ್ತು.

ಮನೆಗೆ ಬಂದರೆ ಅಪ್ಪ ಅಂಗಳದಲ್ಲಿ ಚಪ್ಪಲಿಯ ಬಾರು ಸರಿಮಾಡುತ್ತ ನಿಂತಿರುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ಆಯಿ ತಾನಾಗಿ ತಂಬಿಗೆ ಬೋರಲು ಹಾಕುತ್ತ ‘ಅರಾಮ ಅದಾನ’ ಅಂದಮೇಲೆ ಹೊಲಕ್ಕೆ ಹೋಗುತ್ತಿದ್ದ. ಅವನ ಚಪ್ಪಲಿಗಳಷ್ಟು ರಿಪೇರಿ ಕಂಡ ಚಪ್ಪಲಿಗಳು ಇಡೀ ಅಥಣಿ ತಾಲೂಕಿನಲ್ಲಿ ಇರಲಿಕ್ಕಿಲ್ಲ.

ಹೀಗೆ ತಂಬಿಗೆಯ ಹಿಂದೆ ಮುಂದೆ ಎರಡು ಮನೆಗಳು ಹೇಗೋ ನಡೆದಿದ್ದವು. ಆದರೆ ನೆಲದೊಳಗಿನ ಸೆಲೆಗೆ ಬದುವಿಲ್ಲ. ಹೊಸ ಬಾವಿ ಆಳವಾಗಿತ್ತು. ಮೂರನೆಯ ಬೇಸಿಗೆಗೆ ಮುತ್ಯಾನ ಬಾವಿಯ ನೀರು ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಹೋಗತೊಡಗಿತು. ನಮ್ಮದರಲ್ಲಿ ನೀರು ಹಾಗೇ ಇತ್ತು. ಕಾಕಾ ಯಾರ ಮುಂದೆಯೂ ದೂರಲಿಲ್ಲ. ಆಯಿಯನ್ನು ಕೈಹಿಡಿದು ಇಳಿಸುವಾಗ ‘ಎಲ್ಲಾರೂ ಅರಾಮ?’ ಎಂದು ಕೇಳುವುದನ್ನು ಮಾತ್ರ ನಿಲ್ಲಿಸಿದ.

ಒಂದು ಬೆಳಿಗ್ಗೆ ಹೋದರೆ ಕೊನೆಯ ಮೆಟ್ಟಿಲೂ ಒಣಗಿತ್ತು. ಅದರ ಕೆಳಗೆ ಬಂಡೆಯ ಮೂಲೆಯಲ್ಲಿ ಮೊರದಗಲದ ನೀರು ನಿಂತಿತ್ತು. ಆಯಿ ಇಳಿಯಲಿಲ್ಲ. ತಂಬಿಗೆ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಳು.

‘ಸುಮ್ಮೀ, ನಿಮ್ಮಪ್ಪನ ಕರಕೊಂಡ ಬಾ,’ ಅಂದಳು.

ನಾನು ಓಡಿದೆ. ಅಪ್ಪ ಬಂದ. ಕಾಕಾ ಅಲ್ಲೇ ಇದ್ದ. ಅಷ್ಟು ದಿನಗಳ ಮೇಲೆ ಇಬ್ಬರೂ ಒಂದೇ ಕಟ್ಟೆಯ ಎರಡು ಬದಿಗೆ ನಿಂತರು. ಆಯಿ ತಂಬಿಗೆ ಎತ್ತಿ ತೋರಿಸಿದಳು.

‘ಇವನ್ನ ಎಲ್ಲಿ ಬಿಡ್ಲಿ? ಹೇಳ್ರಿ, ಇಬ್ಬರೂ ಹೇಳ್ರಿ.’

ಅವಳು ತಂಬಿಗೆಯೊಳಗಿನ ಜೀವಗಳನ್ನಷ್ಟೇ ಕುರಿತು ಕೇಳುತ್ತಿಲ್ಲವೆಂದು ಶೇಂಗಾ ಸುಲಿಯುವ ವಯಸ್ಸಿನ ನನಗೂ ತಿಳಿಯಿತು. ಅಪ್ಪ ಒಂದು ಸಲ ತನ್ನ ಪಂಪಿನ ಮನೆಯ ಕಡೆ ನೋಡಿದ. ಅವನ ತುಟಿ ಅಲುಗಿತು. ಈಗ ಅನ್ನುತ್ತಾನೆ, ಈಗ ಅನ್ನುತ್ತಾನೆ ಅಂತ ನಾನು ಕಾದೆ. ಹೊಸ ಬಾವಿಯ ನೀರಿನಲ್ಲಿ ಪಾಳಿ ಹಾಕಿಕೊಳ್ಳೋಣ ಅಂದರೆ ಮುಗಿಯುತ್ತಿತ್ತು. ತಮ್ಮ ಕೇಳಲಿ ಅಂತ ಅವನು, ಅಣ್ಣ ಕರೆಯಲಿ ಅಂತ ಇವನು. ಕಾಕಾ ಬಾವಿಯೊಳಗೇ ನೋಡುತ್ತ ನಿಂತಿದ್ದ.

‘ನಿನ್ನ ಇಚ್ಛಾ ಆಯಿ,’ ಅಂದ ಅಪ್ಪ. ಅಷ್ಟೇ ಅಂದ.

ಆಯಿ ಯಾರ ಕೈಯನ್ನೂ ಹಿಡಿಯಲಿಲ್ಲ. ಒಂದೊಂದೇ ಮೆಟ್ಟಿಲ ಮೇಲೆ ಕೂತು ಕೂತು ಇಳಿದಳು. ಕೊನೆಯಲ್ಲಿ ಬಂಡೆಯ ಮೇಲೆ ಒಂದು ಕೈಯೂರಿ, ಆ ಮೊರದಗಲದ ನೀರಿಗೆ ತಂಬಿಗೆ ಬಗ್ಗಿಸಿದಳು. ಮೇಲೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡು, ‘ಅಷ್ಟ ನೀರಾಗ ಅವು ಎಷ್ಟ ದಿನಾ ಇರತಾವೋ ಏನೋ,’ ಅಂದಳು. ಗಂಡುಮಕ್ಕಳಿಬ್ಬರೂ ಎರಡು ದಿಕ್ಕಿಗೆ ಹೋದರು.

ಮುಂದೆ ಹೆಚ್ಚು ಕಥೆಯಿಲ್ಲ. ಕಾಕಾ ಹೊಲ ಮಾರಿ, ಹೆಂಡತಿಯ ಅಣ್ಣನ ಜೊತೆ ಮಗ್ಗ ಹಾಕಲು ಬೋರಗಾಂವಕ್ಕೆ ಹೋದ. ಹೊಲ ಕೊಂಡವರಿಗೆ ಹೊಳೆಯಿಂದ ಪೈಪು ಬಂತು, ಅವರು ಬಾವಿಗೆ ಮಣ್ಣು ತುಂಬಿ ಮೇಲೆ ಕಬ್ಬು ನೆಟ್ಟರು. ಅದನ್ನು ಕೇಳಿದಾಗ ಅಬ್ರಹಾಮನ ಬಾವಿಗಳು ನೆನಪಾದವು. ಅವನಿಗೆ ಅವನ್ನು ಮತ್ತೆ ತೆಗೆಸಿ ಅದೇ ಹೆಸರಿಡುವ ಮಗನಾದರೂ ಇದ್ದ. ಆಯಿ ಆಮೇಲೆ ನಮ್ಮ ಬಾವಿಯ ನೀರನ್ನೇ ಕುಡಿದಳು, ಸೋಸಿದಳು, ಅಲ್ಲೇ ಜೀವಾಣಿ ಬಿಟ್ಟಳು. ‘ಅರಾಮ ಅದಾನ’ ಅನ್ನುವ ಮಾತು ಅವಳ ಬಾಯಿಂದ ಮತ್ತೆ ಬರಲಿಲ್ಲ. ಅವಳು ಹೋದಳು. ಎಷ್ಟೋ ವರ್ಷಗಳಾದ ಮೇಲೆ ಅಪ್ಪನೂ ಹೋದ. ಅಪ್ಪ ಹೋದ ದಿನ ಕಾಕಾ ಬಂದು, ಜನರ ಹಿಂದೆ ನಿಂತು, ನೀರನ್ನೂ ಮುಟ್ಟದೆ ಹೋಗಿದ್ದ.

ಇದರ ನಡುವೆ ಒಂದು ಸಂಗತಿ ಬಿಟ್ಟುಬಿಟ್ಟೆ. ನಿಪ್ಪಾಣಿಯಲ್ಲಿ ಒಂದು ದವಾಖಾನೆಯ ಬೆಂಚಿನ ಮೇಲೆ ಮಾಸ್ತರರ ಆ ಶಾಸ್ತ್ರದ ಕನ್ನಡ ಪ್ರತಿ ಸಿಕ್ಕಿತ್ತು. ಡಾಕ್ಟರು ಬರುವುದು ತಡವಾಗಿ, ನಾನು ಇಸಾಕನನ್ನು ಹುಡುಕಿ ಓದಿದೆ. ರೆಹೋಬೋತಿಗೆ ಕಥೆ ಮುಗಿಯುವುದೇ ಇಲ್ಲ. ಅವನನ್ನು ಓಡಿಸಿದ ಗೆರಾರಿನ ಅರಸನೇ ಆಮೇಲೆ ತನ್ನವರೊಡನೆ ಅವನಿದ್ದಲ್ಲಿಗೆ ಬರುತ್ತಾನೆ. ನನ್ನನ್ನು ಹಗೆ ಮಾಡಿ ಕಳಿಸಿದವರು ಈಗೇಕೆ ಬಂದಿರಿ ಎಂದು ಇವನು ನೇರವಾಗಿ ಕೇಳುತ್ತಾನೆ. ಕೇಳಿದ ಮೇಲೆ ಊಟಕ್ಕೆ ಹಾಕುತ್ತಾನೆ. ಉಂಡು, ಆಣೆ ಭಾಷೆಯಾಗಿ, ಸಮಾಧಾನದಿಂದ ಹೋಗುತ್ತಾರೆ. ಅದೇ ದಿನ ಆಳುಗಳು ಬಂದು ಇನ್ನೊಂದು ಬಾವಿಯಲ್ಲಿ ನೀರು ಕಂಡಿತು ಅನ್ನುತ್ತಾರೆ. ಮಾಸ್ತರರು ಬಾಯಿ ತೆರೆದದ್ದು ಇದನ್ನು ಹೇಳಲಿಕ್ಕೇ ಇರಬೇಕು. ಇಸಾಕ ಬಿಟ್ಟದ್ದು ಪರರ ಜಗಳವನ್ನು, ಒಡಹುಟ್ಟಿದವನ ಜಗಳವನ್ನಲ್ಲ, ಅನ್ನುವ ಮಾತನ್ನೂ ಹೇಳುತ್ತಿದ್ದರೇನೋ. ಸಾಕ್ರಿ ಮಾಸ್ತರ ಅಂದ ಅಪ್ಪನ ಆ ಕೈ ನೆನಪಾದರೆ, ಅದನ್ನು ಹಿಡಿದು ಕೆಳಗಿಳಿಸಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ. ಆ ದೇಶದ ಮರಳು ಸೀಮೆಯಲ್ಲಿ ಆ ಹೆಸರನ್ನೇ ಹೋಲುವ ಒಂದು ಒಣ ಕಣಿವೆ ಇಂದಿಗೂ ಇದೆಯಂತೆ, ಹಾಳು ಬಿದ್ದ ಬಾವಿಯೂ ಇದೆಯಂತೆ. ಹೆಸರು ನೀರಿಗಿಂತ ಹೆಚ್ಚು ಕಾಲ ಉಳಿಯುತ್ತದೆ ಅನ್ನುವುದು ನನಗೇನೂ ಸಮಾಧಾನ ಕೊಡಲಿಲ್ಲ.

ಕುಬಸ ಮುಗಿಸಿ ಬಂದ ಮರುವಾರ ಬೋರಗಾಂವಕ್ಕೆ ಹೋದೆ. ಕಾಕಾನಿಗೆ ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಜೀವಮಾನವಿಡೀ ಮಗ್ಗದ ಸದ್ದಿನಲ್ಲಿ ಕೂತ ಮನುಷ್ಯನಿಗೆ ಅದು ಹೇಗೆ ಉಳಿಯಿತೋ. ಮಗ್ಗದ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ನಾನು ಹೋದಾಗ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಿದ್ದವು. ಹೀಗಾಗಿ ಮಾತಾಡಲು ಸಾಧ್ಯವಾಯಿತು. ಏನೋ ಮಾತಾಡಬೇಕಲ್ಲ ಎಂದು ದಾರಿಯಲ್ಲಿ ಕಂಡದ್ದನ್ನು ಹೇಳಿದೆ.

‘ಕಾಕಾ, ಮೊನ್ನೆ ಒಂದ ಲಾರಿ ಮ್ಯಾಲ ನಮ್ಮ ಬಾವಿ ಹೆಸರ ಕಂಡ್ನಿ. ರೆಹೋಬೋತ್.’

‘ಹಂಗಂದ್ರ ಏನ ಅದು?’ ಅಂದ.

ನಾನು ಅವನ ಮುಖ ನೋಡಿದೆ. ‘ನಿನಗ ಗೊತ್ತಿಲ್ಲೇನು?’

‘ಯಾರ ಹೇಳ್ಯಾರ ನನಗ? ಆಯಿನ್ನ ಕೇಳಿದ್ನಿ, ಮಾಸ್ತರನ ದೇವರ ಹೆಸರ ಇರಬೇಕು ಅಂದ್ಲು. ಬಾವಿ ಬಿಟ್ಟ, ತಮ್ಮನ್ನ ಬಿಟ್ಟ, ಈಗ ದೇವರನ್ನೂ ಹೊರಗಿನವನ್ನ ತಂದ ಅಂತ ನಾ ಸಿಟ್ಟಾದ್ನಿ.’

‘ದೇವರಲ್ಲ ಕಾಕಾ. ಜಾಗಾ ಆತು ಅಂತ ಅದರ ಅರ್ಥ. ಅಗಲ ಜಾಗಾ. ಒಬ್ಬರಿಗಷ್ಟ ಅಲ್ಲ, ಭಾಳ ಮಂದಿಗೆ ಆಗುವಷ್ಟು.’

ಕಾಕಾ ಇನ್ನೊಮ್ಮೆ ಹೇಳು ಅಂದ. ಹೇಳಿದೆ. ಎರಡೂ ಕೈಯನ್ನು ಕುರ್ಚಿಯ ತೋಳಿನ ಮೇಲಿಟ್ಟು, ಎದುರಿಗೆ ಏನೋ ಇದ್ದಂತೆ ನೋಡುತ್ತ ಕೂತ.

‘ನಿಮ್ಮ ಹೊಲಕ್ಕ ಹೋಗು ದಾರಿ ಆ ಕಡೆ ಇತ್ತು,’ ಅಂದ.

‘ಹೌದು.’

‘ಹೆಸರ ಈ ಕಡೆ ಗ್ವಾಡಿಗೆ ಬರಸಿದ್ದ. ನಮ್ಮ ಹೊಲದ ಕಡಿಗೆ.’

ಇಷ್ಟು ವರ್ಷ ನನಗೆ ಅದು ಹೊಳೆದೇ ಇರಲಿಲ್ಲ. ನಿಜ, ನಮ್ಮ ದಾರಿಯಿಂದ ಬಂದವರಿಗೆ ಪಂಪಿನ ಮನೆಯ ಬಾಗಿಲಷ್ಟೇ ಕಾಣುತ್ತಿತ್ತು. ಆ ಆಳೆತ್ತರದ ಅಕ್ಷರ ಕಾಣಬೇಕಾದರೆ ಕಾಕಾನ ಹೊಲದಲ್ಲಿ ನಿಲ್ಲಬೇಕಿತ್ತು. ಅಲ್ಲಿ ದಿನಾ ನಿಲ್ಲುತ್ತಿದ್ದವನು ಅವನೊಬ್ಬನೇ.

‘ದಿನಾ ಅದನ್ನ ನೋಡಕೋತ ಎತ್ತ ಹೂಡಿ ಗಳೇ ಹೊಡದೀನಿ,’ ಅಂದ ಕಾಕಾ.

ಅಷ್ಟರಲ್ಲಿ ಕರೆಂಟು ಬಂತು. ಒಳಗೆ ಒಂದು ಮಗ್ಗ ಶುರುವಾಯಿತು, ಅದರ ಹಿಂದೆ ಉಳಿದವೂ. ಕಾಕಾನ ತುಟಿ ಅಲುಗುವುದು ಕಂಡಿತು, ಮಾತು ಕೇಳಲಿಲ್ಲ. ನಾನು ಬಗ್ಗಿ ಅವನ ಬಾಯಿಗೆ ಕಿವಿ ಕೊಟ್ಟೆ.

‘ಬಾ ಅಂತ ಒಂದ ಅಕ್ಷರ ಬರಸಿದ್ರ ಸಾಕಿತ್ತಲ್ಲ, ಸುಮ್ಮಿ.’